ಸಂಸ್ಥೆಗಳ ದತ್ತಾಂಶದ ಬಗೆಗಳು: ಪುಣೆಯ ನಿದರ್ಶನಗಳೊಂದಿಗೆ

ಸಂಸ್ಥೆಯೊಂದು ತನ್ನ ಕೆಲಸಕ್ಕಾಗಿ ಎಣಿಸಿ, ಅಳೆದು, ಕೇಳಿ ಅಥವಾ ಗಮನಿಸಿ ದಾಖಲಿಸಿಕೊಂಡ ಸಂಗತಿಗಳ ಸಮೂಹವನ್ನು ದತ್ತಾಂಶ ಎನ್ನುತ್ತಾರೆ. ಆಸ್ಪತ್ರೆಯ ಕೇಸ್ ಪೇಪರ್, ಬ್ಯಾಂಕಿನ ಲೆಡ್ಜರ್, ಮಳೆಮಾಪನ ಕೇಂದ್ರದ ದಿನವಹಿ, ಕಾರ್ಖಾನೆಯ ಯಂತ್ರಕ್ಕೆ ಅಳವಡಿಸಿದ ಸೆನ್ಸರ್ ಕಳಿಸುವ ಸಂಕೇತ, ರಸ್ತೆಬದಿಯ ಕ್ಯಾಮೆರಾದ ಚಿತ್ರ ಎಲ್ಲವೂ ಇದರಲ್ಲಿ ಸೇರುತ್ತವೆ. ಒಂದೇ ದತ್ತಾಂಶವನ್ನು ಹಲವು ದಿಕ್ಕಿನಿಂದ ವರ್ಗೀಕರಿಸಬಹುದು: ಅಳತೆಯ ಮಟ್ಟ, ರಚನೆ, ಮೂಲ, ಕಾಲ ಮತ್ತು ಸ್ಥಳ, ವ್ಯವಹಾರದಲ್ಲಿ ಅದರ ಪಾತ್ರ, ಗೋಪ್ಯತೆ. ಯಾವ ದತ್ತಾಂಶದ ಮೇಲೆ ಯಾವ ಲೆಕ್ಕ ನಡೆಯುತ್ತದೆ, ಅದರಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂಬುದು ಅದರ ಬಗೆಯನ್ನು ಅವಲಂಬಿಸಿದೆ. ಬಗೆ ಗುರುತಿಸದೆ ವಿಶ್ಲೇಷಣೆಗೆ ಇಳಿದರೆ ಕೂಡಿಕೆ, ಭಾಗಾಕಾರ ಸರಿಯಿದ್ದರೂ ಉತ್ತರ ತಪ್ಪಾಗುತ್ತದೆ.

ಈ ವೈವಿಧ್ಯವನ್ನು ಒಂದೇ ಊರಿನಲ್ಲಿ ಕಾಣಲು ಪುಣೆ ಅನುಕೂಲವಾದ ನಗರ. ಪೇಶ್ವೆಗಳ ಕಾಲದ ಕಡತಗಳ ಭಂಡಾರ, ಹವಾಮಾನ ಇಲಾಖೆಯ ಹಳೆಯ ಕಚೇರಿ, ರಾಷ್ಟ್ರೀಯ ವೈರಾಣು ಸಂಸ್ಥೆ, ಅರ್ಥಶಾಸ್ತ್ರದ ಸಮೀಕ್ಷೆಗಳಿಗೆ ಹೆಸರಾದ ಗೋಖಲೆ ಸಂಸ್ಥೆ, ಸಹಕಾರಿ ಬ್ಯಾಂಕುಗಳು, ವಾಹನ ಕಾರ್ಖಾನೆಗಳು ಮತ್ತು ಸಾಫ್ಟ್‌ವೇರ್ ಕಂಪನಿಗಳು ಇಲ್ಲಿ ಒಟ್ಟಿಗಿವೆ.

ಅಳತೆಯ ಮಟ್ಟ

ಅಮೆರಿಕದ ಮನೋವಿಜ್ಞಾನಿ ಎಸ್. ಎಸ್. ಸ್ಟೀವನ್ಸ್ 1946ರಲ್ಲಿ ಅಳತೆಗಳನ್ನು ನಾಲ್ಕು ಮಟ್ಟಗಳಾಗಿ ವಿಂಗಡಿಸಿದರು. ಸಂಖ್ಯಾಶಾಸ್ತ್ರದ ಪಠ್ಯಗಳು ಇಂದಿಗೂ ಈ ವಿಂಗಡಣೆಯನ್ನು ಬಳಸುತ್ತವೆ.

ಮೊದಲನೆಯದು ನಾಮಮಾತ್ರ ಮಟ್ಟ. ಇಲ್ಲಿ ಸಂಖ್ಯೆಯಾಗಲಿ ಅಕ್ಷರವಾಗಲಿ ಗುರುತಿಗಷ್ಟೇ ಇರುತ್ತದೆ. ಪುಣೆಯ ಡೆಕ್ಕನ್ ಜಿಮ್ಖಾನಾದ ಪಿನ್‌ಕೋಡ್ 411004. ಬೆಂಗಳೂರು ಜಿಪಿಒದ್ದು 560001. ಎರಡೂ ನೋಡಲು ಅಂಕಿಗಳೇ ಆದರೂ ಒಂದು ಇನ್ನೊಂದಕ್ಕಿಂತ ದೊಡ್ಡದಲ್ಲ, ಎರಡರ ಸರಾಸರಿಗೆ ಅರ್ಥವೂ ಇಲ್ಲ. ವಾಹನದ ನೋಂದಣಿ ಫಲಕದ ಎಂಎಚ್ 12 ಪುಣೆಯನ್ನೂ ಎಂಎಚ್ 14 ಪಿಂಪ್ರಿ-ಚಿಂಚವಡವನ್ನೂ ಸೂಚಿಸುವುದು ಇದೇ ರೀತಿಯಲ್ಲಿ. ಇಂಥ ದತ್ತಾಂಶದಲ್ಲಿ ಎಷ್ಟು ಬಾರಿ ಏನು ಬಂದಿದೆ ಎಂದು ಎಣಿಸಬಹುದು, ಅತಿ ಹೆಚ್ಚು ಬಾರಿ ಬಂದದ್ದನ್ನು ಹೇಳಬಹುದು.

ಎರಡನೆಯದು ಕ್ರಮಸೂಚಕ ಮಟ್ಟ. ಹವಾಮಾನ ಇಲಾಖೆ ಕೊಡುವ ಹಸಿರು, ಹಳದಿ, ಕಿತ್ತಳೆ, ಕೆಂಪು ಸೂಚನೆಗಳಿಗೆ ಒಂದು ಏರಿಕೆ ಇದೆ. ಆದರೆ ಹಳದಿಯಿಂದ ಕಿತ್ತಳೆಗೆ ಇರುವ ಅಂತರವೂ ಕಿತ್ತಳೆಯಿಂದ ಕೆಂಪಿಗೆ ಇರುವ ಅಂತರವೂ ಸಮ ಎನ್ನುವಂತಿಲ್ಲ. ಗ್ರಾಹಕರು ಐದು ನಕ್ಷತ್ರಗಳಲ್ಲಿ ಕೊಡುವ ಅಂಕವೂ ಇದೇ ಬಗೆಯದು. ಇಲ್ಲಿ ನಡುವಿನ ಮೌಲ್ಯವನ್ನು ಹೇಳುವ ಮಧ್ಯಾಂಕ ಸರಾಸರಿಗಿಂತ ಭರವಸೆಯ ಅಳತೆ.

ಮೂರನೆಯದು ಅಂತರ ಮಟ್ಟ. ಸೆಲ್ಸಿಯಸ್ ಉಷ್ಣಾಂಶ ಇದರ ಉದಾಹರಣೆ. 20 ಮತ್ತು 30 ಡಿಗ್ರಿಗಳ ನಡುವಿನ ವ್ಯತ್ಯಾಸ 30 ಮತ್ತು 40ರ ನಡುವಿನದಕ್ಕೆ ಸಮ. ಆದರೆ 40 ಡಿಗ್ರಿ ಎಂದರೆ 20ರ ಇಮ್ಮಡಿ ಸೆಕೆ ಎಂದಲ್ಲ, ಏಕೆಂದರೆ ಅಲ್ಲಿನ ಸೊನ್ನೆ ಉಷ್ಣವೇ ಇಲ್ಲದ ಸ್ಥಿತಿಯನ್ನು ಸೂಚಿಸುವುದಿಲ್ಲ. ನಾಲ್ಕನೆಯದು ಅನುಪಾತ ಮಟ್ಟ. ಮಳೆ, ತೂಕ, ದೂರ, ಹಣ ಇವುಗಳಿಗೆ ನಿಜವಾದ ಸೊನ್ನೆ ಇರುವುದರಿಂದ 40 ಮಿಲಿಮೀಟರ್ ಮಳೆ 20ರ ಎರಡರಷ್ಟು.

ಸಂಸ್ಥೆಗಳು ಮೇಲಿನ ಮಟ್ಟದ ದತ್ತಾಂಶವನ್ನು ಬೇಕೆಂದೇ ಕೆಳಗಿನ ಮಟ್ಟಕ್ಕೆ ಇಳಿಸುವುದುಂಟು. ದಿನವೊಂದರ ಮಳೆ 64.5ರಿಂದ 115.5 ಮಿ.ಮೀ. ಇದ್ದರೆ ಹವಾಮಾನ ಇಲಾಖೆ ಅದನ್ನು ಭಾರಿ ಮಳೆ ಎನ್ನುತ್ತದೆ, 115.6ರಿಂದ 204.4ರವರೆಗೆ ಅತಿ ಭಾರಿ, ಅದಕ್ಕೂ ಮೀರಿದರೆ ಅತ್ಯಂತ ಭಾರಿ. ದೇಶದ ಮುಂಗಾರಿಗೂ ಇಂಥದೇ ವಿಂಗಡಣೆ ಇದೆ. 1971ರಿಂದ 2020ರ ಅವಧಿಯ ಸರಾಸರಿಯಾದ 87 ಸೆಂ.ಮೀ.ಗೆ ಹೋಲಿಸಿ, 96ರಿಂದ 104 ಶೇಕಡಾ ಮಳೆಯಾದರೆ ವಾಡಿಕೆಯ ಮಳೆ, 90ಕ್ಕಿಂತ ಕಡಿಮೆಯಾದರೆ ಕೊರತೆಯ ಮಳೆ. ಆಡಳಿತಕ್ಕೂ ಜನರಿಗೂ ಪದ ಅನುಕೂಲ. ಆದರೆ ಪದವಷ್ಟೇ ಉಳಿದು ಮೂಲ ಅಂಕಿ ಕಳೆದುಹೋದರೆ 65 ಮಿ.ಮೀ. ಮಳೆಯನ್ನೂ 115 ಮಿ.ಮೀ. ಮಳೆಯನ್ನೂ ಬೇರ್ಪಡಿಸಲಾಗದು. ಆದ್ದರಿಂದ ಮೂಲ ಅಳತೆಯನ್ನು ಉಳಿಸಿಕೊಂಡು ವರ್ಗವನ್ನು ಬೇರೆಯಾಗಿ ಬರೆದಿಡುವುದು ಒಳ್ಳೆಯ ಪದ್ಧತಿ.

ನಾಲ್ಕು ಮಟ್ಟಗಳಲ್ಲಿ ನೆಟ್ಟಗೆ ಕೂರದ ದತ್ತಾಂಶವೂ ಇದೆ. ಗಾಳಿಯ ದಿಕ್ಕನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. 350 ಡಿಗ್ರಿ ಮತ್ತು 10 ಡಿಗ್ರಿ ಎರಡೂ ಹೆಚ್ಚುಕಡಿಮೆ ಉತ್ತರ ದಿಕ್ಕೇ. ಸಾಧಾರಣ ಸರಾಸರಿ ತೆಗೆದರೆ ಬರುವ 180 ಮಾತ್ರ ನೇರ ದಕ್ಷಿಣ. ವರ್ತುಲವಾಗಿ ಸುತ್ತುವ ಇಂಥ ಅಳತೆಗಳಿಗೆ, ದಿನದ ಗಂಟೆಗಳಿಗೂ ಸೇರಿದಂತೆ, ಬೇರೆಯೇ ಲೆಕ್ಕಕ್ರಮ ಬೇಕಾಗುತ್ತದೆ.

ರಚನೆ

ಕಂಪ್ಯೂಟರಿನಲ್ಲಿ ಇಡುವ ಬಗೆಯನ್ನು ನೋಡಿ ದತ್ತಾಂಶವನ್ನು ರಚನಾಬದ್ಧ, ಅರೆರಚನಾಬದ್ಧ, ರಚನಾರಹಿತ ಎಂದು ಮೂರಾಗಿ ವಿಂಗಡಿಸುತ್ತಾರೆ.

ಸಾಲು ಮತ್ತು ಕಾಲಂಗಳ ಕೋಷ್ಟಕದಲ್ಲಿ ನಿಲ್ಲುವಂಥದು ರಚನಾಬದ್ಧ ದತ್ತಾಂಶ. ಪ್ರತಿ ಕಾಲಂಗೂ ಹೆಸರು, ಅಳತೆಯ ಏಕಮಾನ, ಒಪ್ಪಿತ ಮಿತಿ ಮೊದಲೇ ನಿಗದಿಯಾಗಿರುತ್ತವೆ. ಐಬಿಎಂನಲ್ಲಿದ್ದ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿ ಇಂಥ ಕೋಷ್ಟಕಗಳನ್ನು ಒಂದಕ್ಕೊಂದು ಜೋಡಿಸುವ ತಳಹದಿ ಒದಗಿಸಿತು. ಬ್ಯಾಂಕ್, ವಿಮೆ, ರೈಲ್ವೆ ಮುಂಗಡ ಟಿಕೆಟ್, ವೇತನಪಟ್ಟಿ ಎಲ್ಲವೂ ಇದನ್ನೇ ನೆಚ್ಚಿವೆ. ಕರ್ನಾಟಕದ ಭೂಮಿ ಯೋಜನೆ 2000ದ ಹೊತ್ತಿಗೆ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ನಡೆದದ್ದೂ ಕೈಬರಹದ ದಾಖಲೆಯನ್ನು ಸರ್ವೆ ನಂಬರ್, ಖಾತೆದಾರ, ವಿಸ್ತೀರ್ಣ, ಬೆಳೆ ಎಂಬ ನಿಗದಿತ ಕಾಲಂಗಳಿಗೆ ಇಳಿಸುವ ಕೆಲಸವೇ.

ಅರೆರಚನಾಬದ್ಧ ದತ್ತಾಂಶದಲ್ಲಿ ಒಂದು ಚೌಕಟ್ಟು ಇರುತ್ತದೆ. ಪ್ರತಿ ದಾಖಲೆಯ ಉದ್ದಗಲ ಮಾತ್ರ ಬೇರೆ ಬೇರೆ. ಇ-ಮೇಲ್ ಇದಕ್ಕೆ ಪರಿಚಿತ ಉದಾಹರಣೆ: ಕಳಿಸಿದವರು, ಪಡೆದವರು, ದಿನಾಂಕ ನಿಗದಿತ ಜಾಗದಲ್ಲಿದ್ದರೆ ಒಕ್ಕಣೆ ಹೇಗೆ ಬೇಕಾದರೂ ಇರಬಹುದು. ಕಂಪ್ಯೂಟರಿಗಿಂತ ಹಿಂದೆಯೇ ರೂಪುಗೊಂಡ ದೊಡ್ಡ ಉದಾಹರಣೆ ಪುಣೆಯ ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿದೆ. ಐತಿಹಾಸಿಕ ತತ್ತ್ವಗಳ ಆಧಾರದ ಸಂಸ್ಕೃತ ವಿಶ್ವಕೋಶೀಯ ನಿಘಂಟಿನ ಕೆಲಸವನ್ನು ಎಸ್. ಎಂ. ಕತ್ರೆ 1948ರಲ್ಲಿ ಅಲ್ಲಿ ಆರಂಭಿಸಿದರು. ಸುಮಾರು 1,500 ಗ್ರಂಥಗಳಿಂದ ಆಯ್ದ ಪದಗಳನ್ನು ಒಂದು ಚೀಟಿಗೆ ಒಂದರಂತೆ, ಅದು ಬಂದ ವಾಕ್ಯ ಮತ್ತು ಗ್ರಂಥದ ಉಲ್ಲೇಖದೊಂದಿಗೆ ಬರೆದು ಅಕಾರಾದಿಯಾಗಿ ಜೋಡಿಸಲಾಯಿತು. ಚೀಟಿಗಳ ಸಂಖ್ಯೆ ಒಂದು ಕೋಟಿಯ ಆಸುಪಾಸು ತಲುಪಿತು. ಪದ ಮತ್ತು ಉಲ್ಲೇಖಕ್ಕೆ ಚೀಟಿಯಲ್ಲಿ ಗೊತ್ತಾದ ಸ್ಥಾನವಿದ್ದುದರಿಂದ ಹುಡುಕಾಟ ಸಾಧ್ಯವಾಯಿತು. ವಾಕ್ಯದ ಅರ್ಥವನ್ನು ಮಾತ್ರ ಸಂಪಾದಕರೇ ಓದಿ ನಿರ್ಣಯಿಸಬೇಕಾಯಿತು. ಮೊದಲ ಸಂಪುಟ 1976ರಲ್ಲಿ ಎ. ಎಂ. ಘಾಟಗೆ ಅವರ ಸಂಪಾದಕತ್ವದಲ್ಲಿ ಪ್ರಕಟವಾಯಿತು.

ಪತ್ರ, ವರದಿ, ಧ್ವನಿಮುದ್ರಣ, ಚಿತ್ರ, ವಿಡಿಯೊ ಇವು ರಚನಾರಹಿತ ದತ್ತಾಂಶ. ಪುಣೆಯ ಪೇಶ್ವೆ ದಫ್ತರದಲ್ಲಿ ಬಟ್ಟೆಯಲ್ಲಿ ಕಟ್ಟಿಟ್ಟ ಸಾವಿರಾರು ರುಮಾಲುಗಳಿವೆ. ಒಳಗಿನ ಕಾಗದಗಳಲ್ಲಿ ಬಹುಪಾಲು ಮೋಡಿ ಲಿಪಿಯಲ್ಲಿವೆ. ಕಂದಾಯದ ಲೆಕ್ಕ, ಸೈನ್ಯದ ಖರ್ಚು, ಇನಾಮು, ಖಾಸಗಿ ಪತ್ರ ಎಲ್ಲವೂ ಅಲ್ಲಿವೆ. ಇತಿಹಾಸಕಾರ ಜಿ. ಎಸ್. ಸರದೇಸಾಯಿ 1930ರ ದಶಕದ ಮೊದಲ ವರ್ಷಗಳಲ್ಲಿ ಇದರಿಂದ ಆಯ್ದ ಪತ್ರಗಳನ್ನು 45 ಸಂಪುಟಗಳಲ್ಲಿ ಹೊರತಂದರು. ಆಯ್ಕೆ, ಲಿಪ್ಯಂತರ, ವಿಷಯವಾರು ವಿಂಗಡಣೆ ಎಂಬ ಆ ಹಂತಗಳನ್ನೇ ಇಂದಿನ ಕಂಪನಿಗಳು ಗ್ರಾಹಕರ ದೂರು ಮತ್ತು ಕರೆಗಳ ವಿಶ್ಲೇಷಣೆಯಲ್ಲಿ ಯಂತ್ರಕ್ಕೆ ಒಪ್ಪಿಸುತ್ತಿವೆ. ರಚನಾರಹಿತ ದತ್ತಾಂಶದಿಂದ ಎಣಿಸಬಲ್ಲ ಅಂಶವನ್ನು ಹೊರತೆಗೆಯುವುದೇ ಇಲ್ಲಿನ ಮುಖ್ಯ ಕೆಲಸ; ಕ್ಯಾಮೆರಾದ ಚಿತ್ರದಿಂದ ವಾಹನದ ನಂಬರನ್ನು ಓದಿ ಕೋಷ್ಟಕಕ್ಕೆ ಸೇರಿಸುವುದು ಅದರ ದಿನನಿತ್ಯದ ರೂಪ.

ಮೂಲ

ಸಂಸ್ಥೆ ತನ್ನ ಪ್ರಶ್ನೆಗೆಂದೇ ಸಂಗ್ರಹಿಸಿದ್ದು ಪ್ರಾಥಮಿಕ ದತ್ತಾಂಶ. ಬೇರೆಯವರು ಬೇರೆ ಉದ್ದೇಶಕ್ಕೆ ಸಂಗ್ರಹಿಸಿದ್ದನ್ನು ಬಳಸಿಕೊಂಡರೆ ಅದು ದ್ವಿತೀಯಕ. 1930ರಲ್ಲಿ ಸ್ಥಾಪನೆಯಾದ ಗೋಖಲೆ ರಾಜಕೀಯ ಮತ್ತು ಅರ್ಥಶಾಸ್ತ್ರ ಸಂಸ್ಥೆಯಲ್ಲಿ ಎರಡಕ್ಕೂ ಗಟ್ಟಿಯಾದ ನಿದರ್ಶನಗಳಿವೆ. ಮೊದಲ ನಿರ್ದೇಶಕ ಡಿ. ಆರ್. ಗಾಡ್ಗೀಳರ ನೇತೃತ್ವದಲ್ಲಿ ಪುಣೆ ನಗರದ ಕುಟುಂಬಗಳ ಸಾಮಾಜಿಕ-ಆರ್ಥಿಕ ಸಮೀಕ್ಷೆ ನಡೆದು, ವರದಿಯ ಮೊದಲ ಭಾಗ 1945ರಲ್ಲಿ, ಎರಡನೆಯದು 1952ರಲ್ಲಿ ಬಂತು. ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದು ಸಂಸ್ಥೆಯ ಕೈಯಲ್ಲೇ ಇತ್ತು. ಅದೇ ಸಂಸ್ಥೆಯ ವಿ. ಎಂ. ದಾಂಡೇಕರ್ ಮತ್ತು ನೀಲಕಂಠ ರಥ್ 1971ರಲ್ಲಿ ಭಾರತದ ಬಡತನವನ್ನು ಅಂದಾಜು ಮಾಡಿದಾಗ ಆಧಾರವಾದದ್ದು ರಾಷ್ಟ್ರೀಯ ಮಾದರಿ ಸಮೀಕ್ಷೆಯ ಖರ್ಚಿನ ಅಂಕಿಅಂಶ. ದಿನಕ್ಕೆ 2,250 ಕ್ಯಾಲೊರಿ ಆಹಾರ ದೊರಕಲು ಬೇಕಾದ ಖರ್ಚನ್ನು ಗಡಿಯಾಗಿಟ್ಟು, 1960–61ರಲ್ಲಿ ಗ್ರಾಮೀಣರಲ್ಲಿ ಸುಮಾರು 40 ಶೇಕಡಾ, ನಗರವಾಸಿಗಳಲ್ಲಿ ಸುಮಾರು 50 ಶೇಕಡಾ ಜನ ಆ ಗಡಿಯ ಕೆಳಗಿದ್ದರು ಎಂಬ ಅಂದಾಜಿಗೆ ಅವರು ಬಂದರು. ದ್ವಿತೀಯಕ ದತ್ತಾಂಶ ಅಗ್ಗ ಮತ್ತು ವಿಸ್ತಾರ. ಆದರೆ ಮೂಲ ಸಂಗ್ರಾಹಕರು ಕೇಳದ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕುವುದು ಕಷ್ಟ.

ಹುಟ್ಟುವ ರೀತಿಯಿಂದ ನೋಡಿದರೆ ಇನ್ನೊಂದು ವಿಂಗಡಣೆ ಸಿಗುತ್ತದೆ. ಜನಗಣತಿ ಎಲ್ಲರನ್ನೂ ಎಣಿಸುತ್ತದೆ: 2011ರಲ್ಲಿ ಪುಣೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ 31,24,458 ಜನರಿದ್ದರು. ಮಾದರಿ ಸಮೀಕ್ಷೆ ಕೆಲವರನ್ನು ಆಯ್ದು ಆಳವಾಗಿ ಕೇಳುತ್ತದೆ. ಜನನ-ಮರಣ ನೋಂದಣಿ, ಆಸ್ತಿ ತೆರಿಗೆಯಂಥ ಆಡಳಿತ ದತ್ತಾಂಶ ಕಚೇರಿಯ ಕೆಲಸದ ಜೊತೆಗೇ ಸಂಗ್ರಹವಾಗುತ್ತದೆ. ನೋಂದಾಯಿಸದವರು ಅದರಲ್ಲಿ ಕಾಣುವುದಿಲ್ಲ. ಉಪಕರಣ ದತ್ತಾಂಶ ಮನುಷ್ಯರ ಕೈ ಸೋಕದೆ ಹರಿಯುತ್ತದೆ. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿ.ಮೀ. ದೂರದ ಖೋಡದ್‌ನಲ್ಲಿರುವ ಬೃಹತ್ ಮೀಟರ್ ತರಂಗ ರೇಡಿಯೊ ದೂರದರ್ಶಕದ 45 ಮೀಟರ್ ವ್ಯಾಸದ 30 ಆಂಟೆನಾಗಳು ಕಳಿಸುವ ಸಂಕೇತಗಳು ಇದೇ ಬಗೆಯವು. ಅಲ್ಲಿ ಒಂದೊಂದು ಆಂಟೆನಾದ ಸಂಕೇತಕ್ಕಿಂತ ಜೋಡಿ ಜೋಡಿ ಆಂಟೆನಾಗಳ ಸಂಕೇತಗಳನ್ನು ಹೋಲಿಸಿ ಪಡೆದ ಫಲವೇ ವಿಶ್ಲೇಷಣೆಗೆ ಮುಖ್ಯ.

ಬೇರೆ ಬೇರೆ ಮೂಲಗಳ ದತ್ತಾಂಶ ಒಂದೆಡೆ ಸೇರಿದಾಗಲೇ ಉತ್ತರ ಸಿಗುವ ಪ್ರಶ್ನೆಗಳಿವೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ವಿಚಿತ್ರ ಜ್ವರ ಕಾಣಿಸಿಕೊಂಡಿತು. 1952ರಲ್ಲಿ ಪುಣೆಯಲ್ಲಿ ಆರಂಭವಾಗಿದ್ದ ವೈರಸ್ ಸಂಶೋಧನಾ ಕೇಂದ್ರ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ, ತನಿಖೆಗೆ ಇಳಿಯಿತು. ಸತ್ತ ಮಂಗಗಳ ದಾಖಲೆ, ರೋಗಿಗಳ ಲಕ್ಷಣ, ರಕ್ತದ ಮಾದರಿ, ಕಾಡಿನಲ್ಲಿ ಹಿಡಿದ ಉಣುಗುಗಳು ಎಲ್ಲವನ್ನೂ ಸೇರಿಸಿ ನೋಡಿದಾಗ ಅದು ಹೊಸ ವೈರಸ್ ಎಂದೂ ಉಣುಗುಗಳ ಮೂಲಕ ಹರಡುತ್ತದೆ ಎಂದೂ ತಿಳಿಯಿತು. ಮಲೆನಾಡಿನಲ್ಲಿ ಮಂಗನ ಕಾಯಿಲೆ ಎನಿಸಿಕೊಂಡ ಇದು ವೈದ್ಯಗ್ರಂಥಗಳಲ್ಲಿ ಕ್ಯಾಸನೂರು ಕಾಡಿನ ರೋಗ. ಮಂಗಗಳ ಸಾವಿನ ವರದಿ ಇಂದಿಗೂ ಆರೋಗ್ಯ ಇಲಾಖೆಗೆ ಮುನ್ಸೂಚನೆ.

ಕಾಲ ಮತ್ತು ಸ್ಥಳ

ಒಂದೇ ಹೊತ್ತಿನಲ್ಲಿ ಹಲವರನ್ನು ಅಳೆದದ್ದು ಅಡ್ಡಕೊಯ್ತದ ದತ್ತಾಂಶ. ಒಂದನ್ನೇ ಮತ್ತೆ ಮತ್ತೆ ಅಳೆದದ್ದು ಕಾಲಶ್ರೇಣಿ: ಪುಣೆಯ ದಿನದ ಗರಿಷ್ಠ ಉಷ್ಣಾಂಶ, ಷೇರಿನ ಬೆಲೆ, ಕಾರ್ಖಾನೆಯ ವಿದ್ಯುತ್ ಬಳಕೆ. ಹಲವರನ್ನು ಗುರುತಿಟ್ಟುಕೊಂಡು ವರ್ಷಗಟ್ಟಲೆ ಅನುಸರಿಸಿದರೆ ಅದು ಅನುಗಮನ ದತ್ತಾಂಶ. ಕೆಇಎಂ ಆಸ್ಪತ್ರೆಯ ಸಂಶೋಧನಾ ಕೇಂದ್ರದಲ್ಲಿ ಡಾ. ಸಿ. ಎಸ್. ಯಾಜ್ಞಿಕ್ ಅವರ ನೇತೃತ್ವದಲ್ಲಿ 1993ರಲ್ಲಿ ಆರಂಭವಾದ ಪುಣೆ ತಾಯಂದಿರ ಪೋಷಣೆ ಅಧ್ಯಯನ ಈ ಬಗೆಯದು. ಸಮೀಪದ ಹಳ್ಳಿಗಳ ಹೆಂಗಸರನ್ನು ಗರ್ಭಧಾರಣೆಗೆ ಮೊದಲೇ ನೋಂದಾಯಿಸಿ, ಹುಟ್ಟಿದ ಮಕ್ಕಳನ್ನು ದೊಡ್ಡವರಾಗುವವರೆಗೂ ಗಮನಿಸುತ್ತ ಬರಲಾಯಿತು. ಅಲ್ಲಿನ ಶಿಶುಗಳ ಸರಾಸರಿ ತೂಕ ಸುಮಾರು 2.7 ಕಿಲೊ, ಇಂಗ್ಲೆಂಡಿನ ಸೌತಾಂಪ್ಟನ್‌ನ ಶಿಶುಗಳದ್ದು 3.5 ಕಿಲೊ. ಆದರೆ ಚರ್ಮದ ಮಡಿಕೆಯ ದಪ್ಪ ಅಳೆದಾಗ ಪುಣೆಯ ಮಕ್ಕಳಲ್ಲಿ ಕೊಬ್ಬು ಅಷ್ಟಾಗಿ ಕಡಿಮೆ ಇರಲಿಲ್ಲ. ತೂಕದ ಕಾಲಂ ಒಂದೇ ಇದ್ದಿದ್ದರೆ ಈ ಸಂಗತಿ ಬೆಳಕಿಗೆ ಬರುತ್ತಿರಲಿಲ್ಲ. ಮಕ್ಕಳನ್ನು ಅನುಸರಿಸದೆ ಇದ್ದಿದ್ದರೆ ಮುಂದೆ ಬರುವ ಮಧುಮೇಹದ ಅಪಾಯಕ್ಕೂ ಇದಕ್ಕೂ ಇರುವ ನಂಟನ್ನು ಪರೀಕ್ಷಿಸಲಾಗುತ್ತಿರಲಿಲ್ಲ.

ಸ್ಥಳದ ಗುರುತು ಹೊತ್ತದ್ದು ಭೌಗೋಳಿಕ ದತ್ತಾಂಶ. ಪುಣೆ ಪಾಲಿಕೆಯ ಮರಗಣತಿಯಲ್ಲಿ ಪ್ರತಿ ಮರದ ಜಾತಿ, ಸುತ್ತಳತೆ, ಎತ್ತರದ ಜೊತೆ ಅಕ್ಷಾಂಶ-ರೇಖಾಂಶವೂ ದಾಖಲಾಗಿದೆ. ಹಾಗಾಗಿ ಯಾವ ವಾರ್ಡಿನಲ್ಲಿ ಎಷ್ಟು ಮರ ಎಂಬ ಎಣಿಕೆಯ ಜೊತೆ, ಅಗಲವಾಗಲಿರುವ ರಸ್ತೆಯ ಗೆರೆಯೊಳಗೆ ಯಾವ ಮರಗಳು ಬರುತ್ತವೆ ಎಂಬುದನ್ನೂ ನಕ್ಷೆಯಲ್ಲಿ ಕಾಣಬಹುದು.

ತಲುಪುವ ವೇಗವೂ ಒಂದು ವಿಂಗಡಣೆಗೆ ಆಧಾರ. ತಿಂಗಳ ಕೊನೆಗೆ ಒಟ್ಟಾಗಿ ಪರಿಶೀಲಿಸುವ ಲೆಕ್ಕಪತ್ರ ಒಂದು ಕಡೆ, ಕ್ಷಣಕ್ಷಣಕ್ಕೆ ಹರಿದುಬರುವ ದತ್ತಾಂಶ ಇನ್ನೊಂದು ಕಡೆ. ಖಡಕ್‌ವಾಸಲಾ ಅಣೆಕಟ್ಟೆಯಿಂದ ಮುಠಾ ನದಿಗೆ ಎಷ್ಟು ಕ್ಯೂಸೆಕ್ ನೀರು ಬಿಟ್ಟರು ಎಂಬುದು ಪುಣೆಯ ನದಿದಂಡೆಯ ಮನೆಗಳಿಗೆ ತಕ್ಷಣದ ಸುದ್ದಿ. ಅದೇ ನೀರು ಮುಳಾ-ಮುಠಾ ಆಗಿ ಭೀಮೆಯನ್ನು ಸೇರಿ ಉಜನಿ ಜಲಾಶಯಕ್ಕೆ ಹೋಗುತ್ತದೆ. ಉಜನಿಯಿಂದ ಬಿಡುವ ನೀರಿನ ಅಂಕಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲಾಡಳಿತಗಳಿಗೆ ನದಿದಂಡೆಯ ಹಳ್ಳಿಗಳನ್ನು ಎಚ್ಚರಿಸುವ ಆಧಾರ. 2020ರ ಅಕ್ಟೋಬರಿನ ಭೀಮಾ ಪ್ರವಾಹ ಈ ಮೂರೂ ಜಿಲ್ಲೆಗಳನ್ನು ಬಾಧಿಸಿತು. ನೀರು ಬಂದ ಮೇಲೆ ತಲುಪಿದ ಅಂಕಿ ಎಷ್ಟೇ ನಿಖರವಾಗಿದ್ದರೂ ವರದಿಗಷ್ಟೇ ಉಪಯುಕ್ತ.

ವ್ಯವಹಾರದಲ್ಲಿನ ಪಾತ್ರ

ಕಂಪನಿ, ಬ್ಯಾಂಕುಗಳ ಒಳಗೆ ದತ್ತಾಂಶವನ್ನು ಅದು ಮಾಡುವ ಕೆಲಸದಿಂದ ಗುರುತಿಸುವುದು ವಾಡಿಕೆ. ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯ ಟೋಲ್ ನಾಕೆಯನ್ನು ಕಾರೊಂದು ದಾಟುವ ಪ್ರಸಂಗದಲ್ಲಿ ಹೀಗೆ ಗುರುತಿಸುವ ನಾಲ್ಕು ಬಗೆಗಳು ಒಟ್ಟಿಗೆ ಸಿಗುತ್ತವೆ. ಫಾಸ್ಟ್ಯಾಗ್‌ಗೆ ಜೋಡಿಸಿದ ವಾಹನದ ನಂಬರ್, ಮಾಲೀಕರ ಹೆಸರು, ಖಾತೆ ಇವು ಬಹುಕಾಲ ಬದಲಾಗದ ಮೂಲ ದತ್ತಾಂಶ, ಉದ್ಯಮದ ಮಾತಿನಲ್ಲಿ ಮಾಸ್ಟರ್ ಡೇಟಾ. ಕಾರು, ಬಸ್ಸು, ಲಾರಿಗಳಿಗೆ ಎಲ್ಲ ನಾಕೆಗಳೂ ಬಳಸುವ ವರ್ಗಸಂಕೇತಗಳ ಪಟ್ಟಿ ಉಲ್ಲೇಖ ದತ್ತಾಂಶ. ಇಂಥ ನಾಕೆಯಲ್ಲಿ ಇಷ್ಟು ಹೊತ್ತಿಗೆ ಇಷ್ಟು ರೂಪಾಯಿ ಕಡಿತವಾಯಿತು ಎಂಬುದು ವಹಿವಾಟು ದತ್ತಾಂಶ. ದಿನವೂ ಬೆಳೆಯುವುದು ಇದೇ. ಸಮಯವನ್ನು ಯಾವ ಗಡಿಯಾರದಿಂದ ಪಡೆದದ್ದು, ಮೊತ್ತದಲ್ಲಿ ರಿಯಾಯಿತಿ ಸೇರಿದೆಯೇ ಎಂದು ವಿವರಿಸುವುದು ಅಧಿದತ್ತಾಂಶ.

ಮೂಲ ದತ್ತಾಂಶ ಮತ್ತು ವಹಿವಾಟು ಒಂದಕ್ಕೊಂದು ತಾಳೆಯಾಗಬೇಕೆಂಬ ನಿಯಮದ ಬೆಲೆ ಪುಣೆಯಲ್ಲಿ ಪ್ರಧಾನ ಕಚೇರಿ ಇರುವ ಕಾಸ್ಮೊಸ್ ಸಹಕಾರಿ ಬ್ಯಾಂಕಿನ ಮೇಲೆ 2018ರ ಆಗಸ್ಟಿನಲ್ಲಿ ನಡೆದ ಸೈಬರ್ ದಾಳಿಯಲ್ಲಿ ಕಂಡಿತು. ಎಟಿಎಂ ಕೋರಿಕೆ ಬಂದಾಗ ಬ್ಯಾಂಕಿನ ಕೇಂದ್ರ ವ್ಯವಸ್ಥೆ ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ ಒಪ್ಪಿಗೆ ಕೊಡಬೇಕು. ದಾಳಿಕೋರರು ನಡುವೆ ನಕಲಿ ಸ್ವಿಚ್ ಕೂರಿಸಿ, ಕೋರಿಕೆಗಳು ಕೇಂದ್ರ ವ್ಯವಸ್ಥೆಯನ್ನು ತಲುಪದೆಯೇ ಒಪ್ಪಿಗೆ ಹೋಗುವಂತೆ ಮಾಡಿದರು. ಹಲವು ದೇಶಗಳ ಎಟಿಎಂಗಳಿಂದ ತೆಗೆದ ಹಣ ಮತ್ತು ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲವಾದ ಸ್ವಿಫ್ಟ್ ಮೂಲಕ ಹೊರಹೋದ ಮೊತ್ತ ಸೇರಿ ನಷ್ಟ ಸುಮಾರು 94 ಕೋಟಿ ರೂಪಾಯಿ.

ಗುಣಮಟ್ಟ

ನಿಖರತೆ, ಪೂರ್ಣತೆ, ಏಕರೂಪತೆ, ಸಕಾಲಿಕತೆ ಇವು ದತ್ತಾಂಶದ ಗುಣಮಟ್ಟದ ಮುಖ್ಯ ಅಳತೆಗೋಲುಗಳು. ಹವಾಮಾನ ದಾಖಲೆಯಲ್ಲಿ ಇವನ್ನು ಹತ್ತಿರದಿಂದ ನೋಡಬಹುದು. ಹವಾಮಾನ ಇಲಾಖೆಯ ಪ್ರಧಾನ ಕಚೇರಿ 1928ರಲ್ಲಿ ಸಿಮ್ಲಾದಿಂದ ಪುಣೆಗೆ ಬಂತು. 1944ರಲ್ಲಿ ದೆಹಲಿಗೆ ಹೋದ ಮೇಲೂ ಶಿವಾಜಿನಗರದ ಕಟ್ಟಡಕ್ಕೆ ಸಿಮ್ಲಾ ಆಫೀಸ್ ಎಂಬ ಹೆಸರು ಉಳಿಯಿತು, ಹವೆಯ ದಾಖಲೆಗಳನ್ನು ಕಾಯುವ ರಾಷ್ಟ್ರೀಯ ದತ್ತಾಂಶ ಕೇಂದ್ರವೂ ಪುಣೆಯಲ್ಲೇ ಇದೆ. ಮಳೆಮಾಪಕದ ನೀರನ್ನು ಬೆಳಗ್ಗೆ 8.30ಕ್ಕೆ ಅಳೆದು ಹಿಂದಿನ 24 ಗಂಟೆಗಳ ಮಳೆ ಎಂದು ಬರೆಯುವುದು ಕ್ರಮ. ಆದ್ದರಿಂದ ಜುಲೈ 10ರ ಸಂಜೆ ಸುರಿದ ಮಳೆ 11ನೇ ತಾರೀಖಿನ ಲೆಕ್ಕಕ್ಕೆ ಸೇರುತ್ತದೆ. ಇದನ್ನು ತಿಳಿಯದೆ 10ನೇ ತಾರೀಖಿನ ಸಂಜೆಯ ವಾಹನ ಅಪಘಾತಗಳನ್ನು ಅದೇ ತಾರೀಖಿನ ಮಳೆಗೆ ಹೋಲಿಸಿದರೆ ನಂಟು ಕಾಣದೇ ಹೋಗಬಹುದು.

ದಾಖಲೆಯಲ್ಲಿನ ಸೊನ್ನೆ ಮತ್ತು ಖಾಲಿ ಜಾಗ ಬೇರೆ ಬೇರೆ. ಸೊನ್ನೆ ಎಂದರೆ ಅಳೆದು ನೋಡಿದಾಗ ಮಳೆ ಇರಲಿಲ್ಲ; ಖಾಲಿ ಎಂದರೆ ಅಳತೆಯೇ ಲಭ್ಯವಿಲ್ಲ. ಪುಣೆ ಕಚೇರಿ ಒದಗಿಸುವ, ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಭಾಗಿಸಿ 1901ರಿಂದ ಪ್ರತಿದಿನದ ಮಳೆ ಕೊಡುವ ದತ್ತಾಂಶದಲ್ಲಿ ಮೌಲ್ಯವಿಲ್ಲದ ಜಾಗಕ್ಕೆ -999 ಎಂಬ ಸಂಕೇತವಿದೆ. ಅದನ್ನು ಬೇರ್ಪಡಿಸದೆ ಸರಾಸರಿ ತೆಗೆದರೆ ಮಳೆಯೇ ಋಣಸಂಖ್ಯೆಯಾಗಿ ಬಂದೀತು. ಈ ಚೌಕಗಳ ಮೌಲ್ಯಗಳು ನೇರ ಅಳತೆಗಳಲ್ಲ ಎಂಬುದೂ ಗಮನಾರ್ಹ. ಸುತ್ತಲಿನ ಮಳೆಮಾಪನ ಕೇಂದ್ರಗಳ ಅಳತೆಗಳಿಂದ ಲೆಕ್ಕ ಹಾಕಿ ಪಡೆದ ಇಂಥದನ್ನು ವ್ಯುತ್ಪನ್ನ ದತ್ತಾಂಶ ಎನ್ನುತ್ತಾರೆ.

ವಿಶ್ಲೇಷಣೆಯ ಹಂತಗಳು

ಸಂಸ್ಥೆಗಳು ಮಾಡುವ ವಿಶ್ಲೇಷಣೆಯನ್ನು ನಾಲ್ಕು ಹಂತಗಳಲ್ಲಿ ಹೇಳುವುದುಂಟು. ಏನಾಯಿತು ಎಂದು ಹೇಳುವುದು ವಿವರಣಾತ್ಮಕ: ಈ ವಾರ ಮಧ್ಯ ಮಹಾರಾಷ್ಟ್ರದಲ್ಲಿ ವಾಡಿಕೆಗಿಂತ ಎಷ್ಟು ಹೆಚ್ಚು ಮಳೆಯಾಯಿತು. ಏಕಾಯಿತು ಎಂದು ಹುಡುಕುವುದು ಕಾರಣಶೋಧಕ: ಶಾಂತಸಾಗರದ ಎಲ್ ನಿನೊಗೂ ಮಳೆ ಕೊರತೆಗೂ ಇರುವ ಸಂಬಂಧದ ಪರಿಶೀಲನೆ. ಎರಡು ಸಂಗತಿಗಳು ಜೊತೆಯಾಗಿ ಏರಿಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆನ್ನಲಾಗದು; ನಡುವಿನ ಪ್ರಕ್ರಿಯೆ ತಿಳಿದಿರಬೇಕು. ಏನಾಗಬಹುದು ಎಂಬುದು ಮುನ್ನೋಟ. ಪುಣೆಯ ಪಾಷಾಣ್ ಬಡಾವಣೆಯಲ್ಲಿರುವ ಭಾರತೀಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಗೆ 2018ರಲ್ಲಿ ಪ್ರತ್ಯೂಷ್, 2024ರಲ್ಲಿ ಅರ್ಕಾ ಎಂಬ ಸೂಪರ್ ಕಂಪ್ಯೂಟರುಗಳು ಬಂದದ್ದು ಈ ಕೆಲಸಕ್ಕೆ. ಏನು ಮಾಡಬೇಕು ಎಂಬುದು ಕೊನೆಯ ಹಂತ, ಸಲಹಾತ್ಮಕ. ಮಂಗಳವಾರ ಮತ್ತು ಶುಕ್ರವಾರ ಹೊರಡುವ ಕೃಷಿ ಹವಾಮಾನ ಸಲಹಾಪತ್ರ ಬಿತ್ತನೆ, ಸಿಂಪಡಣೆ, ಕೊಯ್ಲಿಗೆ ದಿನ ಸೂಚಿಸುವಾಗ ಮಳೆಯ ಮುನ್ನೋಟದ ಜೊತೆಗೆ ಬೆಳೆಯ ಹಂತವೂ ಲೆಕ್ಕಕ್ಕೆ ಬರುತ್ತದೆ.

ವೈಯಕ್ತಿಕ ಮತ್ತು ಮುಕ್ತ ದತ್ತಾಂಶ

ಯಾರು ನೋಡಬಹುದು ಎಂಬ ಪ್ರಶ್ನೆಯೂ ದತ್ತಾಂಶವನ್ನು ವಿಂಗಡಿಸುತ್ತದೆ. 2012ರ ರಾಷ್ಟ್ರೀಯ ದತ್ತಾಂಶ ಹಂಚಿಕೆ ನೀತಿಯ ಮೇರೆಗೆ ಕೇಂದ್ರ ಸರ್ಕಾರದ ಇಲಾಖೆಗಳು ಗೋಪ್ಯವಲ್ಲದ ದತ್ತಾಂಶವನ್ನು ಸಾರ್ವಜನಿಕರಿಗೆ ತೆರೆದಿಡತೊಡಗಿದವು. ಪುಣೆ ಪಾಲಿಕೆಯೂ ತನ್ನದೇ ಮುಕ್ತ ದತ್ತಾಂಶ ತಾಣವನ್ನು ರೂಪಿಸಿತು. ಇದಕ್ಕೆ ಎದುರು ತುದಿಯಲ್ಲಿರುವುದು ವ್ಯಕ್ತಿಯನ್ನು ಗುರುತಿಸಬಲ್ಲ ವೈಯಕ್ತಿಕ ದತ್ತಾಂಶ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಇಂಥ ದತ್ತಾಂಶವನ್ನು ಯಾವ ಉದ್ದೇಶಕ್ಕೆಂದು ತಿಳಿಸಿ ಒಪ್ಪಿಗೆ ಪಡೆದಿದ್ದಾರೋ ಆ ಉದ್ದೇಶಕ್ಕೇ ಬಳಸಬೇಕು ಎಂಬ ತತ್ತ್ವವನ್ನು ಅಳವಡಿಸಿಕೊಂಡಿದೆ. ಕಾನೂನು ಒಪ್ಪುವ ಕೆಲವು ಬಳಕೆಗಳಿಗೆ ವಿನಾಯಿತಿ ಇದೆ. ಗಂಭೀರ ಉಲ್ಲಂಘನೆಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಹೆಸರು ಅಳಿಸಿದ ಮಾತ್ರಕ್ಕೆ ದತ್ತಾಂಶ ಅನಾಮಧೇಯವಾಗುವುದಿಲ್ಲ. ಪಿನ್‌ಕೋಡ್, ಹುಟ್ಟಿದ ದಿನಾಂಕ, ಲಿಂಗ ಈ ಮೂರನ್ನು ಬೇರೊಂದು ಪಟ್ಟಿಯೊಂದಿಗೆ ತಾಳೆ ಹಾಕಿದರೆ ವ್ಯಕ್ತಿ ಪತ್ತೆಯಾಗುವ ಸಾಧ್ಯತೆ ಇರುತ್ತದೆ. ಇದನ್ನು ತಡೆಯಲು ದಿನಾಂಕದ ಬದಲು ವಯೋಗುಂಪು, ಬಡಾವಣೆಯ ಬದಲು ಜಿಲ್ಲೆ ಕೊಡುವುದು, ತೀರಾ ಸಣ್ಣ ಎಣಿಕೆಗಳನ್ನು ಪ್ರಕಟಿಸದೆ ಬಿಡುವುದು ರೂಢಿಯಲ್ಲಿರುವ ಉಪಾಯಗಳು. ಹೀಗೆ ಮಾಡಿದಾಗ ವಿಶ್ಲೇಷಣೆಯ ಸೂಕ್ಷ್ಮತೆ ಸ್ವಲ್ಪ ಕುಗ್ಗುತ್ತದೆ. ಎಷ್ಟು ವಿವರ ಉಳಿಸಬೇಕು, ಎಷ್ಟು ಮರೆಮಾಡಬೇಕು ಎಂಬುದನ್ನು ಪ್ರತಿ ಸಂಸ್ಥೆಯೂ ದತ್ತಾಂಶ ಸಂಗ್ರಹಿಸುವ ಮೊದಲೇ ತೀರ್ಮಾನಿಸಿಕೊಳ್ಳಬೇಕಾಗುತ್ತದೆ.